ಗಾಳಿ ರೆಕ್ಕೆಯ ಕೈಬಿಟ್ಟಾಗ

ಊರಾಚೆಯ ಒಂದು ಸಣ್ಣ ವಿಮಾನ ನಿಲ್ದಾಣ. ಬೆಳಗಿನ ಏಳು ಗಂಟೆ. ಎರಡು ಸೀಟಿನ ಸೆಸ್ನಾ 152 ವಿಮಾನಕ್ಕೆ ಒಂದು ಸುತ್ತು ಬಂದ ತರಬೇತುದಾರರು ಎಡ ರೆಕ್ಕೆಯ ಮುಂದೆ ನಿಂತು ಜೇಬಿನಿಂದ ಕರವಸ್ತ್ರ ತೆಗೆದರು. ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಪುಟ್ಟ ಕಂಡಿ ಇತ್ತು. ಅದರ ಮೇಲೆ ಕರವಸ್ತ್ರ ಹಿಡಿದು, ತುದಿಗಾಲಲ್ಲಿ ನಿಂತು ಬಾಯಿ ಹಚ್ಚಿ, ಎಳನೀರು ಹೀರುವಂತೆ ಜೋರಾಗಿ ಉಸಿರೆಳೆದರು. ಕಾಕ್‌ಪಿಟ್‌ನ ಮೂಲೆಯಿಂದ ಪೀಂ ಎಂದು ಸದ್ದು ಬಂತು, ಹಾರ್ಮೋನಿಯಂನ ಒಂದೇ ಮನೆಯನ್ನು ಒತ್ತಿ ಹಿಡಿದ ಹಾಗೆ.

"ಒಳಗಿರೋದೂ ಹಾರ್ಮೋನಿಯಂ ರೀಡ್ ಥರದ್ದೇ ಸರ್," ಅಂದರು. "ಬ್ಯಾಟರಿ ಇಲ್ಲ, ವೈರ್ ಇಲ್ಲ. ಮೇಲೆ ಹೋದಾಗ ನಾನು ಈಗ ಹೀರಿದ ಹಾಗೆ ರೆಕ್ಕೆನೇ ಹೀರತ್ತೆ. ಇದು ಕೂಗಿತು ಅಂದ್ರೆ ರೆಕ್ಕೆ ಸೋಲೋದಕ್ಕೆ ಇನ್ನು ಸ್ವಲ್ಪನೇ ಬಾಕಿ."

ರೆಕ್ಕೆ ಸೋಲುವುದಕ್ಕೆ ವಿಮಾನದವರ ಮಾತಿನಲ್ಲಿ ಸ್ಟಾಲ್ ಎನ್ನುತ್ತಾರೆ. ಬೈಕು, ಕಾರು ಓಡಿಸುವ ನಮಗೆ ಸ್ಟಾಲ್ ಎಂದರೆ ಇಂಜಿನ್ ನಿಂತುಹೋಗುವುದು. ವಿಮಾನದಲ್ಲಿ ಆ ಅರ್ಥವೇ ಇಲ್ಲ. 1983ರ ಜುಲೈ 23ರಂದು ಕೆನಡಾದ ಬೋಯಿಂಗ್ 767 ವಿಮಾನವೊಂದಕ್ಕೆ ನಡು ಆಕಾಶದಲ್ಲಿ ಇಂಧನ ಮುಗಿದು ಎರಡೂ ಇಂಜಿನ್ ನಿಂತವು. ಅದು ಗ್ಲೈಡರ್‌ನಂತೆ ತೇಲಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಯಿತು. ರೆಕ್ಕೆ ಸೋತಿರಲಿಲ್ಲ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಹಾರುತ್ತಿದ್ದ ಏರ್ ಫ್ರಾನ್ಸ್‌ನ ಏರ್‌ಬಸ್ ಎ330 ವಿಮಾನದ ಎರಡೂ ಇಂಜಿನ್‌ಗಳು ಚೆನ್ನಾಗಿಯೇ ಇದ್ದವು. ಅದು ನೀರಿಗೆ ಬಿದ್ದು 228 ಜನ ಸತ್ತರು. ರೆಕ್ಕೆ ಸೋತಿತ್ತು.

ಈ ಎರಡು ವಿಮಾನಗಳ ನಡುವಿನ ವ್ಯತ್ಯಾಸ, ನಮ್ಮಲ್ಲಿ ಬಹಳಷ್ಟು ಮಂದಿ ಶಾಲೆಯಲ್ಲಿ ಕಲಿತ ವಿವರಣೆಯಿಂದ ತಿಳಿಯುವುದೇ ಇಲ್ಲ. ನನ್ನ ತಕರಾರು ಅಲ್ಲಿಂದಲೇ ಶುರು.

ಆ ವಿವರಣೆ ನಿಮಗೂ ನೆನಪಿರಬಹುದು. ರೆಕ್ಕೆಯ ಮೇಲ್ಮೈ ಉಬ್ಬಿದೆ, ಕೆಳಮೈ ಚಪ್ಪಟೆ. ಮುಂದಿನ ಅಂಚಿನಲ್ಲಿ ಎರಡಾಗುವ ಗಾಳಿ ಹಿಂದಿನ ಅಂಚಿನಲ್ಲಿ ಮತ್ತೆ ಒಟ್ಟಿಗೆ ಸೇರಬೇಕು. ಮೇಲಿನ ಗಾಳಿಗೆ ದಾರಿ ಉದ್ದವಾದ್ದರಿಂದ ಅದು ಬೇಗ ಓಡುತ್ತದೆ. ಬೇಗ ಓಡುವಲ್ಲಿ ಒತ್ತಡ ಕಡಿಮೆ. ಆದ್ದರಿಂದ ರೆಕ್ಕೆ ಮೇಲೇಳುತ್ತದೆ. ಕೇಳಲು ಎಷ್ಟು ಸಲೀಸು! ಆದರೆ ಬೇರೆಯಾದ ಎರಡು ಗಾಳಿಯ ತುಣುಕುಗಳು ಒಟ್ಟಿಗೇ ತಲುಪಬೇಕೆಂಬ ಕಟ್ಟಳೆ ನಿಸರ್ಗದಲ್ಲಿ ಎಲ್ಲಿಯೂ ಇಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಬಿನ್‌ಸ್ಕಿ ಅವರು ರೆಕ್ಕೆಯ ಮೇಲೂ ಕೆಳಗೂ ಹೊಗೆಯನ್ನು ಬಿಟ್ಟು ಬಿಟ್ಟು ಹಾಯಿಸಿ ಚಿತ್ರೀಕರಿಸಿ ತೋರಿಸಿದ್ದಾರೆ. ಮೇಲಿನ ಹೊಗೆ ಕೆಳಗಿನದಕ್ಕಿಂತ ಮೊದಲೇ ಹಿಂದಿನ ಅಂಚನ್ನು ದಾಟಿ ಹೋಗುತ್ತದೆ, ಜೊತೆಗಾರನಿಗಾಗಿ ಕಾಯುವುದಿಲ್ಲ. ಮೇಲಿನ ಗಾಳಿ ಬೇಗ ಓಡುವುದೂ ನಿಜ, ಅಲ್ಲಿ ಒತ್ತಡ ಕುಸಿಯುವುದೂ ನಿಜ. ಕೊಟ್ಟ ಕಾರಣ ಮಾತ್ರ ಸುಳ್ಳು. ಅದು ನಿಜವಾಗಿದ್ದರೆ ಎರಡೂ ಕಡೆ ಚಪ್ಪಟೆಯಾಗಿರುವ ಕಾಗದದ ರಾಕೆಟ್ಟು ತರಗತಿಯ ಹಿಂದಿನ ಬೆಂಚಿನಿಂದ ಬೋರ್ಡಿನವರೆಗೆ ಹೋಗುತ್ತಿರಲಿಲ್ಲ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಿಮಾನಗಳು ತಲೆಕೆಳಗಾಗಿ ಹಾರುತ್ತಿರಲಿಲ್ಲ.

ಹಾಗಾದರೆ ಏನು ನಡೆಯುತ್ತದೆ? ಒಮ್ಮೆ ತಲೆಯೆತ್ತಿ ಫ್ಯಾನು ನೋಡಿ. ಅದರ ಮೂರು ಎಲೆಗಳೂ ಸ್ವಲ್ಪ ಓರೆಯಾಗಿವೆ. ಆ ಓರೆ ಇಲ್ಲದೆ ಎಲೆಗಳು ಚಪ್ಪಟೆಯಾಗಿದ್ದರೆ ಫ್ಯಾನು ಎಷ್ಟು ತಿರುಗಿದರೂ ನಿಮಗೆ ಗಾಳಿ ಬರುತ್ತಿರಲಿಲ್ಲ. ಓರೆಯಾದ ಎಲೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ತಳ್ಳಿದ್ದಕ್ಕೆ ಪ್ರತಿಯಾಗಿ ಗಾಳಿ ಎಲೆಯನ್ನು ಮೇಲಕ್ಕೆ ತಳ್ಳುತ್ತದೆ. ಓಡುತ್ತಿರುವ ಫ್ಯಾನು ತನ್ನ ಕೊಕ್ಕೆಯ ಮೇಲೆ ಹಾಕುವ ಭಾರ ನಿಂತ ಫ್ಯಾನಿನದಕ್ಕಿಂತ ತುಸು ಕಡಿಮೆ. ವಿಮಾನದ ರೆಕ್ಕೆ ಮಾಡುವುದೂ ಇದನ್ನೇ, ವೃತ್ತದಲ್ಲಿ ತಿರುಗುವ ಬದಲು ನೇರವಾಗಿ ಓಡುತ್ತಾ. ರೆಕ್ಕೆ ದಾಟಿ ಹೋದ ಮೇಲೆ ಹಿಂದೆ ಉಳಿದ ಗಾಳಿ ಕೆಳಮುಖವಾಗಿ ಹರಿಯುತ್ತಿರುತ್ತದೆ. ನ್ಯೂಟನ್ನನ ಮೂರನೇ ನಿಯಮ ಅಷ್ಟರಲ್ಲೇ ಇದೆ.

ಗಾಳಿಯನ್ನು ತಳ್ಳಿ ಅಷ್ಟು ದೊಡ್ಡ ವಿಮಾನ ಮೇಲೇಳುತ್ತದೆಯೇ ಎಂದು ಅನುಮಾನ ಬರುವುದು ಸಹಜ. ಗಾಳಿಗೆ ತೂಕವೇ ಇಲ್ಲ ಎಂದು ನಾವು ಒಳಗೊಳಗೇ ನಂಬಿಕೊಂಡಿದ್ದೇವೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿ ಸಮುದ್ರಮಟ್ಟದಲ್ಲಿ ಸುಮಾರು 34 ಕೆ.ಜಿ. ತೂಗುತ್ತದೆ. 25 ಕೆ.ಜಿ.ಯ ಅಕ್ಕಿ ಮೂಟೆಗಿಂತ ಹೆಚ್ಚು. ಅಂಥ ನೂರಾರು ಕೋಣೆಗಳ ಗಾಳಿಯನ್ನು ರೆಕ್ಕೆ ಪ್ರತಿ ಸೆಕೆಂಡಿಗೆ ಕೆಳಕ್ಕೆ ತಿರುಗಿಸುತ್ತಾ ಹೋಗುತ್ತದೆ. ಇನ್ನೊಂದು ಲೆಕ್ಕ ನೋಡಿ. ನಮ್ಮ ಊರುಗಳ ನಡುವೆ ಓಡಾಡುವ ಏರ್‌ಬಸ್ ಎ320 ವಿಮಾನ ತುಂಬಿದಾಗ ಸುಮಾರು 78 ಟನ್. ರೆಕ್ಕೆಯ ವಿಸ್ತೀರ್ಣ ಸುಮಾರು 122 ಚದರ ಮೀಟರ್. ಅಂದರೆ ರೆಕ್ಕೆಯ ಒಂದು ಚದರ ಮೀಟರ್ ಹೊರಬೇಕಾದ್ದು 640 ಕೆ.ಜಿ. ವಾತಾವರಣವೋ, ಪ್ರತಿ ಚದರ ಮೀಟರಿನ ಮೇಲೆ ಹತ್ತು ಟನ್ನಿಗೂ ಮಿಗಿಲಾದ ಭಾರ ಹಾಕಿ ಎಲ್ಲ ಕಡೆಯಿಂದಲೂ ಒತ್ತುತ್ತಿರುತ್ತದೆ. ರೆಕ್ಕೆಯ ಮೇಲಿನ ಮತ್ತು ಕೆಳಗಿನ ಒತ್ತಡಗಳ ನಡುವೆ ನೂರಕ್ಕೆ ಆರರಷ್ಟು ವ್ಯತ್ಯಾಸ ತಂದರೆ ಸಾಕು, ವಿಮಾನ ನೆಲ ಬಿಡುತ್ತದೆ. ಈ ಆರು ಪಾಲಿನ ಮಾತು ನನಗೆ ಗೊತ್ತಾದ ದಿನದಿಂದ ವಿಮಾನ ಮೇಲೇಳುವುದು ಪವಾಡದಂತೆ ಕಾಣುವುದು ನಿಂತಿತು. ಬೆರಗು ಮಾತ್ರ ಹೆಚ್ಚಿತು.

ಒತ್ತಡದ ಈ ವ್ಯತ್ಯಾಸ ಬರುವುದು ಗಾಳಿ ಬಾಗಿ ಹರಿಯುವುದರಿಂದ. ಲೋಟದ ಕಾಫಿಯನ್ನು ಚಮಚದಿಂದ ಜೋರಾಗಿ ತಿರುವಿದರೆ ನಡುವೆ ಗುಳಿ ಬೀಳುತ್ತದೆ, ಅಂಚಿನಲ್ಲಿ ಕಾಫಿ ಏರುತ್ತದೆ. ಸುತ್ತಿ ಹರಿಯುವ ಯಾವುದಕ್ಕೂ ತಿರುವಿನ ಒಳಮಗ್ಗುಲಲ್ಲಿ ಒತ್ತಡ ಕಡಿಮೆ, ಹೊರಮಗ್ಗುಲಲ್ಲಿ ಹೆಚ್ಚು. ರೆಕ್ಕೆಯ ಬೆನ್ನನ್ನು ಸವರಿಕೊಂಡು ಕೆಳಕ್ಕೆ ಬಾಗುವ ಗಾಳಿಗೆ ರೆಕ್ಕೆಯ ಮೇಲ್ಮೈಯೇ ಒಳಮಗ್ಗುಲು. ಗಾಳಿ ಕೆಳಕ್ಕೆ ತಿರುಗಿತು ಎನ್ನಿ, ಬೆನ್ನ ಮೇಲಿನ ಒತ್ತಡ ಕುಸಿಯಿತು ಎನ್ನಿ, ಒಂದೇ ಸಂಗತಿಯನ್ನು ಎರಡು ಕಡೆಯಿಂದ ನೋಡಿದಂತೆ. ನ್ಯೂಟನ್ ಸರಿಯೋ, ಬೇಗ ಓಡುವಲ್ಲಿ ಒತ್ತಡ ಕಡಿಮೆ ಎಂದ ಬರ್ನೂಲಿ ಸರಿಯೋ ಎಂದು ಜಗಳ ಹಚ್ಚುವುದರಲ್ಲಿ ಅರ್ಥವಿಲ್ಲ. ಇಲ್ಲಿ ಮುಖ್ಯವಾದ ಮಾತೆಂದರೆ, ಗಾಳಿ ರೆಕ್ಕೆಯ ಬೆನ್ನನ್ನು ಬಿಡದೆ ಅಂಟಿಕೊಂಡು ಬಾಗಬೇಕು. ಬಿಟ್ಟರೆ ಎಲ್ಲವೂ ಹೋಯಿತು.

ಗಾಳಿ ಎಷ್ಟು ಬಾಗುತ್ತದೆ ಎನ್ನುವುದನ್ನು ತೀರ್ಮಾನಿಸುವುದು ರೆಕ್ಕೆ ಗಾಳಿಯನ್ನು ಎದುರಿಸುವ ಓರೆ. ಪೈಲಟ್‌ಗಳು ಇದನ್ನು ಆ್ಯಂಗಲ್ ಆಫ್ ಅಟ್ಯಾಕ್ ಎನ್ನುತ್ತಾರೆ. ನಾನು ಗಾಳಿಕೋನ ಎಂದು ಬರೆಯುತ್ತೇನೆ. ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದು ಹೊಸದಲ್ಲ. ಪಟ ಎಷ್ಟೇ ಚೆಂದ ಇರಲಿ, ಬಾಲಂಗೋಚಿ ಎಷ್ಟೇ ಉದ್ದ ಇರಲಿ, ಸೂತ್ರ ಕಟ್ಟುವುದು ತಪ್ಪಿದರೆ ಅದು ಏಳುವುದಿಲ್ಲ. ಮೇಲಿನ ದಾರ ತುಸು ಗಿಡ್ಡವಾದರೆ ಪಟ ಗಾಳಿಗೆ ಚಪ್ಪಟೆಯಾಗಿ ಮಲಗಿ ಪಟಪಟ ಅನ್ನುತ್ತದೆ. ಉದ್ದವಾದರೆ ಗಾಳಿಗೆ ಎದೆಯೊಡ್ಡಿ ನಿಂತು, ಎಳೆತವೆಲ್ಲ ದಾರಕ್ಕೆ ಬಂದು, ಮೇಲೇರದೆ ಒದ್ದಾಡುತ್ತದೆ. ನಮ್ಮ ಬೀದಿಯಲ್ಲಿ ಸೂತ್ರ ಕಟ್ಟಲು ಗೊತ್ತಿದ್ದ ಹುಡುಗ ಒಬ್ಬನೇ ಇದ್ದ. ಉಳಿದವರೆಲ್ಲ ಪಟ ಹಿಡಿದು ಅವನ ಜಗುಲಿಯ ಮುಂದೆ ಸಾಲುಗಟ್ಟುತ್ತಿದ್ದೆವು. ಅವನ ಬೆರಳಿಗೆ ತಿಳಿದಿದ್ದದ್ದು ಗಾಳಿಕೋನವೇ.

ಪೈಲಟ್ ಕೂಡ ಇಡೀ ದಾರಿ ಸೂತ್ರ ಕಟ್ಟುತ್ತಲೇ ಇರುತ್ತಾನೆ. ವೇಗ ದುಪ್ಪಟ್ಟಾದರೆ ಅದೇ ಗಾಳಿಕೋನದಲ್ಲಿ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ತಗ್ಗಿದರೆ ಬಲ ಬೇಗನೆ ಸೊರಗುತ್ತದೆ. ಅದನ್ನು ತುಂಬಿಕೊಳ್ಳಲು ಮೂತಿ ಎತ್ತಿ ಗಾಳಿಕೋನ ಹೆಚ್ಚಿಸಬೇಕು. ಇಳಿಯುವ ವಿಮಾನ ಮೂತಿ ಎತ್ತಿಕೊಂಡು ಬರುವುದು ಇದಕ್ಕೇ. ಹೀಗೆ ಕೋನ ಹೆಚ್ಚಿಸುತ್ತಾ ಹೋಗಬಹುದು, ಒಂದು ಮಿತಿಯವರೆಗೆ. ಸಾಮಾನ್ಯ ರೆಕ್ಕೆಗೆ ಆ ಮಿತಿ 15 ಡಿಗ್ರಿಯ ಆಸುಪಾಸು.

ಅಲ್ಲಿಗೆ ಬಂದಾಗ ಏನಾಗುತ್ತದೆ ಎನ್ನುವುದಕ್ಕೂ ಫ್ಯಾನೇ ಸಾಕ್ಷಿ. ವರ್ಷವಿಡೀ ಗರಗರ ತಿರುಗುವ ಎಲೆಯ ಮೇಲೆ ಅಷ್ಟೊಂದು ಧೂಳು ಹೇಗೆ ಕೂರುತ್ತದೆ, ಗಾಳಿಗೆ ಹಾರಿಹೋಗಬೇಕಲ್ಲವೇ? ಮೇಲ್ಮೈಗೆ ತೀರ ಹತ್ತಿರದ ಗಾಳಿ ಎಲೆಗೆ ಅಂಟಿಕೊಂಡು ಅದರ ಜೊತೆಗೇ ಸುತ್ತುತ್ತಿರುತ್ತದೆ. ಅದರ ಮೇಲಿನ ಪದರ ಸ್ವಲ್ಪ ಜಾರುತ್ತದೆ, ಅದರ ಮೇಲಿನದು ಇನ್ನೂ ಸ್ವಲ್ಪ. ಹೀಗೆ ತೆಳುವಾದ ಒಂದು ಹೊದಿಕೆಯೊಳಗೇ ಗಾಳಿಯ ವೇಗ ಸೊನ್ನೆಯಿಂದ ಪೂರ್ಣಕ್ಕೆ ಏರುತ್ತದೆ. 1904ರಲ್ಲಿ ಹೈಡೆಲ್‌ಬರ್ಗ್‌ನ ಗಣಿತ ಸಮ್ಮೇಳನದಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಎಂಬ ಜರ್ಮನ್ ವಿಜ್ಞಾನಿ ಈ ಹೊದಿಕೆಯನ್ನು ಕುರಿತು ಚಿಕ್ಕದೊಂದು ಪ್ರಬಂಧ ಓದಿದರು. ರೈಟ್ ಸಹೋದರರು ಹಾರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ಹೊದಿಕೆಗೆ ಬೌಂಡರಿ ಲೇಯರ್ ಎಂದು ಹೆಸರು. ವಾಯುವಿಜ್ಞಾನ ನಿಂತಿರುವುದೇ ಆ ಪ್ರಬಂಧದ ಮೇಲೆ.

ಈ ಹೊದಿಕೆಯ ಗಾಳಿ ಬಡಪಾಯಿ. ಮೇಲ್ಮೈಯನ್ನು ಉಜ್ಜಿ ಉಜ್ಜಿ ಅದರ ಕಸುವು ಆಗಲೇ ಇಳಿದಿರುತ್ತದೆ. ರೆಕ್ಕೆಯ ಬೆನ್ನಿನ ಮುಂಭಾಗದಲ್ಲಿ ಒತ್ತಡ ತೀರ ಕಡಿಮೆ, ಹಿಂದೆ ಹೋದಂತೆ ಹೆಚ್ಚು. ಹಾಗಾಗಿ ಹಿಂದಿನ ಅರ್ಧ ದಾರಿಯುದ್ದಕ್ಕೂ ಗಾಳಿ ಕಡಿಮೆ ಒತ್ತಡದಿಂದ ಹೆಚ್ಚು ಒತ್ತಡದ ಕಡೆಗೆ, ಅಂದರೆ ಏರುದಾರಿಯಲ್ಲಿ, ಸಾಗಬೇಕು. ಭಾರ ತುಂಬಿದ ಲಾರಿ ಘಾಟಿ ಹತ್ತುವಂತೆ. ಗಾಳಿಕೋನ ಹೆಚ್ಚಿದಷ್ಟೂ ಘಾಟಿ ಕಡಿದು. ಒಂದು ಹಂತದಲ್ಲಿ ಕಸುವಿಲ್ಲದ ಆ ಗಾಳಿ ನಿಲ್ಲುತ್ತದೆ, ಆಮೇಲೆ ಹಿಮ್ಮುಖವಾಗಿ ಜಾರುತ್ತದೆ. ಹಿಂದಿನಿಂದ ಬರುವ ಗಾಳಿಗೆ ದಾರಿ ಕಟ್ಟಿ, ಅದು ರೆಕ್ಕೆಯ ಬೆನ್ನನ್ನು ಬಿಟ್ಟು ಮೇಲಿನಿಂದಲೇ ಹಾದುಹೋಗುತ್ತದೆ. ಬೆನ್ನ ಮೇಲೆ ಉಳಿಯುವುದು ಸುಳಿಗಳ ಗದ್ದಲ. ಎತ್ತುವ ಬಲ ಪೂರ್ತಿ ಸೊನ್ನೆಯಾಗುವುದಿಲ್ಲ, ಆದರೆ ವಿಮಾನವನ್ನು ಹೊರಲು ಸಾಲುವುದಿಲ್ಲ. ಹಿಂದಕ್ಕೆಳೆಯುವ ಬಲ ಮಾತ್ರ ವಿಪರೀತವಾಗುತ್ತದೆ. ಇದೇ ಸ್ಟಾಲ್.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ರೆಕ್ಕೆ ಸೋಲುವುದು ವೇಗ ಕಡಿಮೆಯಾದದ್ದಕ್ಕಲ್ಲ, ಕೋನ ಹೆಚ್ಚಾದದ್ದಕ್ಕೆ. ವೇಗ ಕಡಿಮೆಯಾದಾಗ ನಾವು ಕೋನ ಹೆಚ್ಚಿಸುತ್ತೇವಾದ್ದರಿಂದ ಎರಡೂ ಒಂದೇ ಎಂದು ತೋರುತ್ತದೆ, ಅಷ್ಟೆ. 60 ಡಿಗ್ರಿ ವಾಲಿ, ಎತ್ತರ ಬಿಡದೆ ತಿರುಗುವ ವಿಮಾನದ ರೆಕ್ಕೆ ಅದರ ತೂಕದ ಎರಡರಷ್ಟನ್ನು ಹೊರಬೇಕು. ನೇರ ಹಾರಾಟದಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೋಲುವ ರೆಕ್ಕೆ ಆಗ 141 ಕಿ.ಮೀ. ವೇಗದಲ್ಲೇ ಸೋಲುತ್ತದೆ. ಸೋಲುವ ವೇಗ ಬದಲಾಗುತ್ತಲೇ ಇರುತ್ತದೆ. ಸೋಲುವ ಕೋನ ಹೆಚ್ಚುಕಡಿಮೆ ಅದೇ. ರೆಕ್ಕೆಯ ಆಕಾರದ ಕಥೆಯನ್ನಷ್ಟೇ ಹೇಳಿಕೊಡುವ ಪಾಠ ಈ ಕೋನವನ್ನು ಮರೆಮಾಡುತ್ತದೆ. ಆ ಪಾಠ ನನಗೆ ಸಿಟ್ಟು ತರಿಸುವುದು ಅದು ತಪ್ಪು ಎಂಬುದಕ್ಕಿಂತ ಹೆಚ್ಚಾಗಿ, ತಿಳಿಯಲೇಬೇಕಾದ್ದನ್ನು ತಿಳಿಯಗೊಡುವುದಿಲ್ಲ ಎಂಬುದಕ್ಕೆ.

ಈ ಕೋನ ಮಿತಿ ಮೀರಿದ್ದಕ್ಕೆ ಪ್ರಾಣ ತೆತ್ತವರ ಪಟ್ಟಿಯ ಮೊದಲಲ್ಲೇ ಇರುವವರು ಜರ್ಮನಿಯ ಆಟೊ ಲಿಲಿಯೆಂಟಾಲ್. ಕೊಕ್ಕರೆಗಳ ಹಾರಾಟ ನೋಡಿ ನೋಡಿ, ರೆಕ್ಕೆಗಳನ್ನು ಅಳೆದು, 1889ರಲ್ಲಿ ಅದರ ಮೇಲೆ ಪುಸ್ತಕ ಬರೆದು, ತಾವೇ ಕಟ್ಟಿದ ಗ್ಲೈಡರ್‌ಗಳಲ್ಲಿ ಸುಮಾರು ಎರಡು ಸಾವಿರ ಬಾರಿ ಗುಡ್ಡದಿಂದ ತೇಲಿದ್ದರು. 1896ರ ಆಗಸ್ಟ್ 9ರಂದು ಗಾಳಿ ಬೀಸಿ ಮೂತಿ ಮೇಲೆದ್ದಿತು, ಗ್ಲೈಡರ್ ಸ್ಟಾಲ್ ಆಯಿತು, ಸುಮಾರು 15 ಮೀಟರ್ ಎತ್ತರದಿಂದ ಬಿದ್ದರು. ಮರುದಿನ ತೀರಿಕೊಂಡರು. ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಇಬ್ಬರು ಅಣ್ಣತಮ್ಮಂದಿರಿಗೆ ಆ ಸಾವಿನ ಸುದ್ದಿಯೇ ಹಾರಾಟದ ಹುಚ್ಚು ಹತ್ತಿಸಿತು. ವಿಲ್ಬರ್ ಮತ್ತು ಆರ್ವಿಲ್ ರೈಟ್ 1901ರಲ್ಲಿ ಪುಟ್ಟ ವಿಂಡ್ ಟನಲ್ ಮಾಡಿ ಸುಮಾರು ಇನ್ನೂರು ಬಗೆಯ ರೆಕ್ಕೆಗಳನ್ನು ಅದರಲ್ಲಿಟ್ಟು, ಯಾವ ಕೋನದಲ್ಲಿ ಎಷ್ಟು ಬಲ ಎಂದು ಅಳೆದರು. ತಮ್ಮ ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಪಟ್ಟಿಯನ್ನು ರೆಕ್ಕೆಯ ಮುಂದೆ ಇಟ್ಟರು. ಲಿಲಿಯೆಂಟಾಲ್‌ಗೆ ಆದ ಗತಿ ತಮಗೆ ಬರಬಾರದು ಎಂಬ ಎಚ್ಚರವೂ ಅದರಲ್ಲಿತ್ತು.

ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಕಂಪ್ಯೂಟರುಗಳಿಂದ ತುಂಬಿದ ಎ330 ವಿಮಾನ ಹೇಗೆ ಅದೇ ಕಾರಣಕ್ಕೆ ಬಿತ್ತು?

ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447, 35,000 ಅಡಿ ಎತ್ತರದಲ್ಲಿ ಕತ್ತಲೆಯಲ್ಲಿ ಹಾರುತ್ತಿತ್ತು. ಸುತ್ತ ಗುಡುಗು ಮೋಡಗಳು. ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು. ಕಾಕ್‌ಪಿಟ್‌ನಲ್ಲಿ ಇಬ್ಬರು ಸಹಪೈಲಟ್‌ಗಳು. ಅಂತರರಾಷ್ಟ್ರೀಯ ಸಮಯ 2 ಗಂಟೆ 10 ನಿಮಿಷಕ್ಕೆ, ವೇಗ ಅಳೆಯುವ ಪಿಟೋ ಕೊಳವೆಗಳ ಬಾಯಿಗೆ ಹಿಮದ ಹರಳು ಕಟ್ಟಿಕೊಂಡವು. ವೇಗದ ಅಂಕಿಗಳು ಅಡ್ಡಾದಿಡ್ಡಿಯಾದವು. ಆಟೊಪೈಲಟ್ ತಾನೇ ಕಳಚಿಕೊಂಡಿತು. ಏನನ್ನೂ ಮಾಡದೆ ಇದ್ದಹಾಗೇ ಹಿಡಿದುಕೊಂಡಿದ್ದರೆ ಸಾಕಿತ್ತು, ಸುಮಾರು ಒಂದು ನಿಮಿಷದಲ್ಲಿ ಅಂಕಿಗಳು ಸರಿಹೋಗುತ್ತಿದ್ದವು, ಸರಿಹೋದವು ಕೂಡ. ಆದರೆ ಅಷ್ಟರಲ್ಲಿ ಬಲಗಡೆ ಕೂತ ಸಹಪೈಲಟ್ ಸೈಡ್‌ಸ್ಟಿಕ್ ಎಂಬ ಚಾಲನೆಯ ಹಿಡಿಯನ್ನು ಹಿಂದಕ್ಕೆಳೆದಿದ್ದರು. ವಿಮಾನ ಮೂತಿ ಎತ್ತಿ 38,000 ಅಡಿಯ ಹತ್ತಿರಕ್ಕೆ ಏರಿತು, ಏರುತ್ತಾ ವೇಗ ಕಳೆದುಕೊಂಡಿತು. ಸ್ಟಾಲ್, ಸ್ಟಾಲ್ ಎಂದು ಯಂತ್ರದ ದನಿ 54 ಸೆಕೆಂಡು ಬಿಡದೆ ಕೂಗಿತು. ರೆಕ್ಕೆ ಸೋತಿತು, ವಿಮಾನ ಬೀಳತೊಡಗಿತು.

ಆ ಬೀಳುವ ಬಗೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮೂತಿ ನೆಲದ ಕಡೆ ತಿರುಗಿರಲಿಲ್ಲ. ಹತ್ತು ಹದಿನೈದು ಡಿಗ್ರಿ ಮೇಲಕ್ಕೇ ಇತ್ತು. ಒಳಗೆ ಕೂತವರಿಗೆ ವಿಮಾನ ಏರುತ್ತಿದೆ ಎನಿಸಬಹುದಾದ ಭಂಗಿ ಅದು. ಆದರೆ ವಿಮಾನ ಹೋಗುತ್ತಿದ್ದ ದಿಕ್ಕು ಕೆಳಕ್ಕೆ, ನಿಮಿಷಕ್ಕೆ ಹತ್ತು ಸಾವಿರ ಅಡಿಯ ಲೆಕ್ಕದಲ್ಲಿ. ಹೀಗೆ ಬೀಳುವ ರೆಕ್ಕೆಗೆ ಗಾಳಿ ಮುಂದಿನಿಂದ ಬರುವುದಿಲ್ಲ, ಅಡಿಯಿಂದ ಬರುತ್ತದೆ. ಗಾಳಿಕೋನ 40 ಡಿಗ್ರಿಯನ್ನೂ ಮೀರಿತ್ತು. ಕೋನವನ್ನು ಅಳೆಯಬೇಕಾದ್ದು ನೆಲದಿಂದಲ್ಲ, ಎದುರು ಬರುವ ಗಾಳಿಯಿಂದ ಎಂಬ ಮಾತಿನ ತೂಕ ನನಗೆ ಗೊತ್ತಾಗಿದ್ದು ಈ ಅಪಘಾತದ ತನಿಖಾ ವರದಿ ಓದಿದಾಗ.

ಇನ್ನೂ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಅಳತೆಗೆ ಸಿಕ್ಕ ವೇಗ 60 ನಾಟ್‌ಗಿಂತ ಕೆಳಗಿಳಿದರೆ, ಗಾಳಿಕೋನದ ಅಂಕಿಗಳನ್ನು ನಂಬಬಾರದೆಂದು ಕಂಪ್ಯೂಟರ್ ಅವನ್ನು ತಳ್ಳಿಹಾಕುತ್ತಿತ್ತು, ಎಚ್ಚರಿಕೆಯ ಕೂಗೂ ನಿಲ್ಲುತ್ತಿತ್ತು. ಹಾಗಾಗಿ ಪೈಲಟ್ ಸ್ಟಿಕ್ಕನ್ನು ತುಸು ಮುಂದೆ ಬಿಟ್ಟಾಗ, ಅಂದರೆ ಸರಿಯಾದ್ದನ್ನು ಮಾಡಿದಾಗ, ಅಂಕಿಗಳು ಮತ್ತೆ ಲೆಕ್ಕಕ್ಕೆ ಬಂದು ಕೂಗು ಶುರುವಾಗುತ್ತಿತ್ತು, ಹಿಂದಕ್ಕೆಳೆದಾಗ ನಿಲ್ಲುತ್ತಿತ್ತು. ಕತ್ತಲೆಯಲ್ಲಿ, ಗಾಬರಿಯಲ್ಲಿ, ಯಂತ್ರ ಅವರಿಗೆ ತಿರುಗುಮುರುಗು ಪಾಠ ಹೇಳುತ್ತಿತ್ತು. ಕ್ಯಾಪ್ಟನ್ ಓಡಿಬಂದರು. ಮೂವರೂ ಏನಾಗುತ್ತಿದೆ ಎಂದು ತಿಳಿಯದೆ ಒದ್ದಾಡಿದರು. ಇಂಜಿನ್‌ಗಳು ಕೇಳಿದಷ್ಟು ಶಕ್ತಿ ಕೊಡುತ್ತಲೇ ಇದ್ದವು. ಆಟೊಪೈಲಟ್ ಕಳಚಿದಾಗಿನಿಂದ ನೀರಿಗೆ ಬೀಳುವವರೆಗೆ ಹಿಡಿದದ್ದು ನಾಲ್ಕೂವರೆ ನಿಮಿಷಕ್ಕೂ ಕಡಿಮೆ. ಎರಡು ವರ್ಷ ಕಳೆದ ಮೇಲೆ, 2011ರ ಮೇ ತಿಂಗಳಲ್ಲಿ, ಸುಮಾರು 3,900 ಮೀಟರ್ ಆಳದ ಸಾಗರತಳದಿಂದ ರೆಕಾರ್ಡರುಗಳನ್ನು ಮೇಲೆತ್ತಿದಾಗಲೇ ಇದೆಲ್ಲ ಹೊರಜಗತ್ತಿಗೆ ಗೊತ್ತಾದದ್ದು.

ಆ ಸಹಪೈಲಟ್ ದಡ್ಡರಾಗಿರಲಿಲ್ಲ. ಬೀಳುತ್ತಿರುವವರು ಮೇಲಕ್ಕೆ ಎಳೆಯುತ್ತಾರೆ; ಅದು ಮನುಷ್ಯನ ಕೈ. ಸೋತ ರೆಕ್ಕೆಗೆ ಮದ್ದು ಇದಕ್ಕೆ ತದ್ವಿರುದ್ಧ: ನೆಲ ಮೇಲೆದ್ದು ಬರುತ್ತಿರುವಾಗಲೇ ಮೂತಿಯನ್ನು ನೆಲದ ಕಡೆಗೆ ತಳ್ಳಬೇಕು. ಆಗ ಗಾಳಿಕೋನ ಇಳಿಯುತ್ತದೆ, ಗಾಳಿ ಮತ್ತೆ ಬೆನ್ನಿಗೆ ಅಂಟುತ್ತದೆ, ರೆಕ್ಕೆ ಮತ್ತೆ ರೆಕ್ಕೆಯಾಗುತ್ತದೆ. ಅದೇ 2009ರ ಫೆಬ್ರುವರಿ 12ರಂದು ಅಮೆರಿಕದ ಬಫಲೋ ಬಳಿ ಇನ್ನೊಂದು ವಿಮಾನ ಸ್ಟಾಲ್ ಆಗಿ ಮನೆಯ ಮೇಲೆ ಬಿದ್ದು 50 ಜನ ಸತ್ತಿದ್ದರು. ಅಲ್ಲೂ ಪೈಲಟ್ ಎಳೆದದ್ದು ಹಿಂದಕ್ಕೇ. ಅದುವರೆಗಿನ ತರಬೇತಿಯಲ್ಲಿ ಎತ್ತರ ಕಳೆದುಕೊಳ್ಳದೆ, ಇಂಜಿನ್ ಜೋರು ಮಾಡಿ ಪಾರಾಗುವುದಕ್ಕೆ ಹೆಚ್ಚು ಒತ್ತು ಇತ್ತು. 2012ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಹೊಸ ಮಾರ್ಗಸೂಚಿ ಹೊರಡಿಸಿ, ಮೊದಲು ಗಾಳಿಕೋನ ಇಳಿಸಿ, ಎತ್ತರದ ಚಿಂತೆ ಆಮೇಲೆ ಎಂದಿತು. ಫ್ರಾನ್ಸಿನ ತನಿಖಾ ಸಂಸ್ಥೆ ಇನ್ನೊಂದು ಸಲಹೆ ಕೊಟ್ಟಿತು: ಗಾಳಿಕೋನವನ್ನು ಪೈಲಟ್ ಕಣ್ಣಿಗೇ ಕಾಣುವಂತೆ ತೋರಿಸುವ ಮಾಪಕ ಬೇಕೇ ಎಂದು ಪರಿಶೀಲಿಸಿ. ಪ್ರಯಾಣಿಕ ವಿಮಾನಗಳ ಕಂಪ್ಯೂಟರಿಗೆ ಆ ಕೋನ ಗೊತ್ತಿರುತ್ತದೆ. ಪೈಲಟ್ ಮುಂದೆ ಅದನ್ನು ನೇರವಾಗಿ ತೋರಿಸುವ ಮುಳ್ಳು ಬಹುಪಾಲು ವಿಮಾನಗಳಲ್ಲಿಲ್ಲ. ಸೂತ್ರ ಕಟ್ಟುವವನಿಗೆ ದಾರ ಕಾಣದಂತೆ ಕೂರಿಸಿದ ಹಾಗಲ್ಲವೇ ಇದು?

ಆ ಕೋನವನ್ನು ಕಾಯುವ ಕೆಲಸವನ್ನು ಯಂತ್ರಕ್ಕೆ ಮಾತ್ರ ಬಿಟ್ಟರೆ ಏನಾಗುತ್ತದೆಂದು ಬೋಯಿಂಗ್ 737 ಮ್ಯಾಕ್ಸ್ ತೋರಿಸಿತು. ಗಾಳಿಕೋನ ಹೆಚ್ಚಾಯಿತೆಂದು ಒಂದೇ ಒಂದು ಸೆನ್ಸರ್ ತಪ್ಪು ಹೇಳಿದಾಗ, ಅದರ ಸಾಫ್ಟ್‌ವೇರ್ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ತಳ್ಳಿತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಒಟ್ಟು 346 ಜನ ಹೋದರು. ಆ ರೆಕ್ಕೆಗಳು ಸೋತೇ ಇರಲಿಲ್ಲ.

ಸೋಲನ್ನು ಮುಂದೂಡುವ ಉಪಾಯಗಳೂ ಇವೆ, ಕಿಟಕಿ ಪಕ್ಕದ ಸೀಟು ಸಿಕ್ಕರೆ ನೀವೇ ನೋಡಬಹುದು. ಇಳಿಯುವ ಹೊತ್ತಿಗೆ ಗುಂಯ್ ಎಂಬ ಸದ್ದಿನೊಂದಿಗೆ ರೆಕ್ಕೆಯ ಹಿಂಭಾಗ ಕಪಾಟಿನ ಖಾನೆಯಂತೆ ಹೊರಬಂದು ಕೆಳಕ್ಕೆ ಬಾಗುತ್ತದೆ. ಅದು ಫ್ಲ್ಯಾಪ್. ಮುಂದಿನ ಅಂಚೂ ತುಸು ಮುಂದೆ ಸರಿದು ನಡುವೆ ಸಂದು ಬಿಡುತ್ತದೆ. ಅದು ಸ್ಲ್ಯಾಟ್. ಆ ಸಂದಿನಿಂದ ನುಗ್ಗುವ ಗಾಳಿ ಬೆನ್ನ ಮೇಲಿನ ದಣಿದ ಹೊದಿಕೆಗೆ ಕಸುವು ತುಂಬುತ್ತದೆ, ಅದು ಇನ್ನಷ್ಟು ದೂರ ಅಂಟಿಕೊಂಡಿರುತ್ತದೆ. ಈ ಸಂದನ್ನು ಮೊದಲು ಯೋಚಿಸಿದವರಲ್ಲಿ ಒಬ್ಬರು ಗುಸ್ತಾವ್ ಲಾಖ್‌ಮನ್. ಮೊದಲ ಮಹಾಯುದ್ಧದ ಕಾಲದ ಜರ್ಮನ್ ಪೈಲಟ್. 1917ರಲ್ಲಿ ವಿಮಾನ ಸ್ಟಾಲ್ ಆಗಿ ಬಿದ್ದು ಆಸ್ಪತ್ರೆಯಲ್ಲಿ ಮಲಗಿದ್ದಾಗ, ತಾನೇಕೆ ಬಿದ್ದೆ ಎಂದು ಯೋಚಿಸುತ್ತಾ ಇದನ್ನು ಕಂಡುಕೊಂಡರು. ಚಕ್ರ ನೆಲ ಮುಟ್ಟಿದ ತಕ್ಷಣ ರೆಕ್ಕೆಯ ಬೆನ್ನ ಮೇಲೆ ಹಲಗೆಗಳು ಎದ್ದು ನಿಲ್ಲುತ್ತವಲ್ಲ, ಅವು ಬೇಕೆಂದೇ ಎತ್ತುವ ಬಲವನ್ನು ಕೆಡಿಸಿ, ಭಾರವನ್ನೆಲ್ಲ ಚಕ್ರಕ್ಕೆ ಹಾಕಿ ಬ್ರೇಕ್ ಹಿಡಿಯುವಂತೆ ಮಾಡುತ್ತವೆ.

ಗರುಡ ಅಥವಾ ಹದ್ದು ತೆಂಗಿನ ಗರಿಯ ಮೇಲೆ ಇಳಿಯುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಕೊನೆಯ ಕ್ಷಣದಲ್ಲಿ ರೆಕ್ಕೆಯನ್ನು ಗಾಳಿಗೆ ಅಡ್ಡಲಾಗಿ ಹಿಡಿಯುತ್ತದೆ, ರೆಕ್ಕೆಯ ಮಡಿಕೆಯಲ್ಲಿ ಹೆಬ್ಬೆರಳಿನಂಥ ಒಂದು ಪುಟ್ಟ ಪುಕ್ಕದ ಗೊಂಚಲು ಎದ್ದು ನಿಲ್ಲುತ್ತದೆ. ಅದೇ ಹಕ್ಕಿಯ ಸ್ಲ್ಯಾಟ್. ಬೆನ್ನ ಮೇಲಿನ ಸಣ್ಣ ಪುಕ್ಕಗಳು ಕೆದರಿಕೊಳ್ಳುತ್ತವೆ. ಹಿಮ್ಮುಖವಾದ ಗಾಳಿ ಅವನ್ನು ಎಬ್ಬಿಸಿರುತ್ತದೆ. ರೆಕ್ಕೆ ಸೋಲುವುದೂ ಉಗುರು ಗರಿಯನ್ನು ಹಿಡಿಯುವುದೂ ಒಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಂಡ್ ಟನಲ್‌ಗಳನ್ನು ಕಟ್ಟಿಸಿದ, ಇದೇ ಬೌಂಡರಿ ಲೇಯರ್ ಉಜ್ಜಾಟವನ್ನು ಅಳೆದು ಹೆಸರಾದ ಸತೀಶ್ ಧವನ್, ರಾಕೆಟ್ಟುಗಳ ಜವಾಬ್ದಾರಿಯನ್ನೆಲ್ಲ ಹೊತ್ತ ಮೇಲೆ ಹಕ್ಕಿಗಳ ಹಾರಾಟದ ಬಗ್ಗೆ ಒಂದು ಪುಸ್ತಕ ಬರೆದರು. ಅವರ ಶಿಷ್ಯರು ಬೆಂಗಳೂರಿನಲ್ಲೇ ಹುಟ್ಟಿದ ರೊದ್ದಂ ನರಸಿಂಹ. ಆ ತೆಳು ಹೊದಿಕೆಯ ಗಾಳಿ ಶಾಂತವಾದ ಹರಿವಿನಿಂದ ಗದ್ದಲಕ್ಕೆ ಹೇಗೆ ತಿರುಗುತ್ತದೆ ಎಂಬ ಒಂದು ಪ್ರಶ್ನೆಯ ಹಿಂದೆ ದಶಕಗಳ ಕಾಲ ನಡೆದರು. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ವಿಜ್ಞಾನವನ್ನು ಕನ್ನಡದಲ್ಲಿ ಬರೆದ ಹಿರಿಯರು. ಗಾಳಿಯ ಈ ವಿಷಯ ಕನ್ನಡಕ್ಕೆ ದೂರದ್ದೇನಲ್ಲ ಎಂದು ನೆನೆದಾಗೆಲ್ಲ ನನಗೆ ಸಮಾಧಾನ.

ಆ ಬೆಳಿಗ್ಗೆ ನೆಲದಿಂದ ನಾಲ್ಕು ಸಾವಿರ ಅಡಿ ಮೇಲೆ ಹೋದಾಗ ತರಬೇತುದಾರರು ಇಂಜಿನ್ ತಗ್ಗಿಸಿ, ಎತ್ತರ ಬಿಡದಂತೆ ಯೋಕ್ ಎಂಬ ಚಾಲನೆಯ ಹಿಡಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆಯುತ್ತಾ ಹೋದರು. ಗಾಳಿಯ ಸದ್ದು ಸಣ್ಣದಾಯಿತು. ಮುಂದಿನ ಗಾಜಿನಲ್ಲಿ ನೆಲ ಮರೆಯಾಗಿ ಬರೀ ಆಕಾಶ ಉಳಿಯಿತು. ಗಾಳಿ ಸೀಳುವ ಜಾಗ ರೆಕ್ಕೆಯ ಅಂಚಿನಲ್ಲಿ ಕೆಳಕ್ಕೆ ಸರಿದು, ಆ ಪುಟ್ಟ ಕಂಡಿ ಕಡಿಮೆ ಒತ್ತಡದ ಪಾಲಾಯಿತು, ರೆಕ್ಕೆ ಹೀರತೊಡಗಿತು. ಪೀಂ. ಮೊದಲು ಸಣ್ಣಗೆ, ಆಮೇಲೆ ಗಟ್ಟಿಯಾಗಿ. ಬೆನ್ನಿಗೆ, ಸೀಟಿಗೆ ಗಡಗಡ ನಡುಕ; ಹಳ್ಳಕೊಳ್ಳದ ರಸ್ತೆಯಲ್ಲಿ ಬಸ್ಸು ಹೋದ ಹಾಗೆ. ಬೆನ್ನು ಬಿಟ್ಟ ಗಾಳಿಯ ಸುಳಿಗಳು ಬಾಲಕ್ಕೆ ಬಡಿಯುತ್ತಿದ್ದವು. ಹಠಾತ್ತನೆ ಮೂತಿ ತಾನಾಗಿ ಕುಸಿಯಿತು, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂತು. ನನ್ನ ಕೈ ಎದುರಿನ ಯೋಕ್ ಕಡೆಗೆ ಹೋಗಿತ್ತು, ಹಿಂದಕ್ಕೆ ಎಳೆಯಲು.

"ಎಳೀಬೇಡಿ ಸರ್, ಬಿಡಿ," ಎಂದು ಅವರು ಎರಡು ಬೆರಳಿನಿಂದ ಯೋಕ್ ಮುಂದಕ್ಕೆ ತಳ್ಳಿದರು. ಕೆರೆ, ತೋಟ, ರಸ್ತೆ ಎಲ್ಲ ಗಾಜಿನ ತುಂಬ ಬಂದವು. ಕೂಗು ನಿಂತಿತು. ನಡುಕ ನಿಂತಿತು.

ವಾಪಸು ಬಂದಾಗ ರನ್‌ವೇ ಮೇಲೆ ಒಂದೆರಡು ಅಡಿ ಎತ್ತರದಲ್ಲಿ ಅವರು ಮತ್ತೆ ಯೋಕ್ ಹಿಂದಕ್ಕೆ ಎಳೆಯತೊಡಗಿದರು. ಮೂತಿ ಎದ್ದಿತು, ವೇಗ ಇಳಿಯಿತು, ಮತ್ತೆ ಪೀಂ ಎಂದಿತು. ನಾನು ಬೆಚ್ಚಿ ಅವರ ಮುಖ ನೋಡಿದೆ.

"ಈಗ ಕೂಗಲಿ ಬಿಡಿ ಸರ್," ಅಂದರು. ಮಾತು ಮುಗಿಯುವಷ್ಟರಲ್ಲಿ ಹಿಂದಿನ ಚಕ್ರಗಳು ನೆಲ ಮುಟ್ಟಿದ್ದವು.